ಟೀವಿ ಕರೆಂಟು ಇಳಿಸಿದ್ದು ಕಾನೂನೋ ಪೈಪೋಟಿಯೋ? ಮೀಟರ್ ಹಾಕಿ ನೋಡಿದ ಲೆಕ್ಕ

ಟೀವಿ ಎಳೆಯುವ ಕರೆಂಟು ಇಳಿದದ್ದು ಸರ್ಕಾರದ ಕಾನೂನಿನಿಂದ ಎಂದು ಕೆಲವರು, ಕಂಪನಿಗಳ ಪೈಪೋಟಿಯಿಂದ ಎಂದು ಇನ್ನು ಕೆಲವರು ಹೇಳುತ್ತಾರೆ. ಈ ವಾದವನ್ನು ನಾನು ಎರಡು ಭಾಗ ಮಾಡಿ ಅಳೆಯುತ್ತೇನೆ: ಟೀವಿ ಓಡುವಾಗಿನ ವಾಟ್ ಒಂದು, ಆಫ್ ಮಾಡಿದ ಮೇಲಿನ ವಾಟ್ ಇನ್ನೊಂದು. ಎರಡಕ್ಕೂ ಉತ್ತರ ಬೇರೆ ಬೇರೆ.

ಓಡುವಾಗಿನದಕ್ಕೆ ಮೊದಲು ಮಿತಿ ಗೊತ್ತಿರಬೇಕು. ಕ್ಯಾಲಿಫೋರ್ನಿಯಾ 2009ರಲ್ಲಿ ಒಪ್ಪಿದ ನಿಯಮದಲ್ಲಿ 2011ರಿಂದ ಪರದೆಯ ಚದರ ಇಂಚಿಗೆ 0.20 ವಾಟ್, ಅದರ ಮೇಲೆ ಒಟ್ಟಿಗೆ 32 ವಾಟ್; 2013ರಿಂದ ಚದರ ಇಂಚಿಗೆ 0.12, ಮೇಲೆ 25 ವಾಟ್. 42 ಇಂಚಿನ ಪರದೆ ಸುಮಾರು 754 ಚದರ ಇಂಚು. ಮಿತಿ 183ರಿಂದ 115 ವಾಟ್‌ಗೆ ಇಳಿಯಿತು. ಆದರೆ ಅದೇ ವರ್ಷಗಳಲ್ಲಿ ಪರದೆಯ ಹಿಂದಿನ ದೀಪವಾದ ಬ್ಯಾಕ್‌ಲೈಟ್‌ನಲ್ಲಿ ಸಿಸಿಎಫ್‌ಎಲ್ ಎಂಬ ಸಣ್ಣ ಟ್ಯೂಬ್‌ಲೈಟ್ ಹೋಗಿ ಎಲ್‌ಇಡಿ ಬಂತು. ಟೀವಿ ತೆಳ್ಳಗಾಗಲಿ, ಕಡಿಮೆ ಎಲ್‌ಇಡಿಯೇ ಸಾಕಾಗಲಿ ಎಂಬ ಪೈಪೋಟಿಯೇ ಇಲ್ಲಿ ಮುಂದಿತ್ತು. ನಿಯಮ ಹಿಂದುಳಿದವರನ್ನು ತಳ್ಳಿತು ಅಷ್ಟೆ.

ಪ್ಲಗ್‌ಗೆ ಸಿಕ್ಕಿಸುವ ಮೀಟರಿನಲ್ಲಿ ಅಳೆಯುವಾಗ ಒಂದು ಕ್ಷಣದ ಅಂಕಿ ನಂಬಬೇಡಿ. ಕತ್ತಲ ದೃಶ್ಯ ಬಂದರೆ ಬ್ಯಾಕ್‌ಲೈಟ್ ಮಬ್ಬಾಗಿ ವಾಟ್ ಕುಸಿಯುತ್ತದೆ. ಟೀವಿ ಅರ್ಧ ಗಂಟೆ ಬಿಸಿಯಾದ ಮೇಲೆ ಒಂದೇ ವಿಡಿಯೋವನ್ನು 10 ನಿಮಿಷ ಓಡಿಸಿ ಸರಾಸರಿ ತೆಗೆಯಿರಿ. ಕೋಣೆಯ ಬೆಳಕು ಬದಲಾಯಿಸಬೇಡಿ, ಬೆಳಕು ನೋಡಿ ಪರದೆಯನ್ನು ಹೊಂದಿಸುವ ಸೆನ್ಸರ್ ಮೋಸ ಮಾಡುತ್ತದೆ. ಆಮೇಲೆ ಪಿಕ್ಚರ್ ಮೋಡ್ ಮಾತ್ರ ‘ವಿವಿಡ್’ಗೆ ತಿರುಗಿಸಿ ಮತ್ತೆ ಅಳೆಯಿರಿ. ಲೇಬಲ್ಲಿನ ಅಂಕಿ ಡೀಫಾಲ್ಟ್ ಮೋಡ್‌ನದ್ದು. ಕೆಲವು ಸೆಟ್‌ಗಳಲ್ಲಿ ಮೋಡ್ ಬದಲಿಸಿದ ಕೂಡಲೇ ಉಳಿತಾಯದ ಸೌಲಭ್ಯ ಸದ್ದಿಲ್ಲದೆ ಆಫ್ ಆಗುತ್ತದೆ. ನನಗೆ ಇದು ನಿಯಮದ ದೊಡ್ಡ ತೂತು.

ಸ್ಟ್ಯಾಂಡ್‌ಬೈ, ಅಂದರೆ ರಿಮೋಟಿನಲ್ಲಿ ಆಫ್ ಮಾಡಿದ ಮೇಲೂ ಟೀವಿ ಎಳೆಯುವ ಕರೆಂಟು, ಇಳಿದದ್ದು ಮಾತ್ರ ನೇರ ಕಾನೂನಿನ ಗೆಲುವು. ಖರೀದಿಗೆ ಹೋದವರು ಯಾರೂ ಅದನ್ನು ಕೇಳುವುದಿಲ್ಲ, ಹಾಗಾಗಿ ಮಾರುಕಟ್ಟೆಗೂ ಅದರ ಚಿಂತೆಯಿಲ್ಲ. ಅಳೆಯುವುದು ಕಷ್ಟ: 1 ವಾಟ್‌ಗಿಂತ ಕೆಳಗೆ ಅಗ್ಗದ ಮೀಟರ್ ತಪ್ಪುತ್ತದೆ, ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜಕ್ಕೂ ಕೆಲಸಕ್ಕೆ ಬರುವ ಪಾಲು) ಅಷ್ಟು ಕೆಟ್ಟಿರುತ್ತದೆ. ಯೂನಿಟ್ ಲೆಕ್ಕ ಬಳಸಿದರೂ ಒಂದು ದಿನ ಸಾಲದು. 1 ವಾಟ್ ಎಂದರೆ 24 ಗಂಟೆಗೆ 0.024 ಯೂನಿಟ್, ಮೀಟರ್ ತೋರಿಸುವುದು 0.01ರ ಹೆಜ್ಜೆಯಲ್ಲಿ. ಒಂದು ವಾರ ಬಿಡಿ, 0.17 ಆಸುಪಾಸು ಬರಬೇಕು. ಆಫ್ ಮಾಡಿದ ಮೊದಲ ಹೊತ್ತು ಅಪ್‌ಡೇಟ್ ನಡೆಯುತ್ತಿರಬಹುದು, ಅದನ್ನು ಬಿಟ್ಟು ಶುರುಮಾಡಿ.

ಟೀವಿ ಬೇಗ ಶುರುವಾಗಲೆಂದು ಅದನ್ನು ಅರೆ ಎಚ್ಚರದಲ್ಲಿಡುವ ‘ಕ್ವಿಕ್ ಸ್ಟಾರ್ಟ್’ ಆನ್ ಇದ್ದರೆ ಈ ಗೆಲುವೂ ಕೈತಪ್ಪುತ್ತದೆ. ದಿನಕ್ಕೆ 20 ಗಂಟೆ 10 ವಾಟ್ ಎಳೆದರೆ ವರ್ಷಕ್ಕೆ 73 ಯೂನಿಟ್. ನಾನು ಮೊದಲು ಆಫ್ ಮಾಡುವ ಸೆಟ್ಟಿಂಗ್ ಅದೇ.