ಮನೆಯ ಕಟ್ಟಡ ಶೈಲಿಗೆ ಒಪ್ಪುವ ಈಜುಕೊಳ: ಎರೆಮಣ್ಣಿನ ಸೀಮೆಯವರಿಗೊಂದು ಕೈಪಿಡಿ

ಈಜುಕೊಳದ ಆಕಾರವನ್ನು ಮಾರಾಟಗಾರರ ಚಿತ್ರಪುಸ್ತಕದಲ್ಲಿ ಆರಿಸಿಕೊಂಡು, ಅನಂತರ ಹಿತ್ತಲಿನಲ್ಲಿ ಅದಕ್ಕೆ ಜಾಗ ಹುಡುಕುವ ರೂಢಿ ಹುಬ್ಬಳ್ಳಿ–ಧಾರವಾಡದ ಹೊಸ ಬಡಾವಣೆಗಳಲ್ಲಿಯೂ ಕಾಣತೊಡಗಿದೆ. ಈ ಕ್ರಮವನ್ನು ತಿರುವುಮುರುವು ಮಾಡುವುದೇ ಮೊದಲ ಕೆಲಸ. ಮನೆಯ ನೆಲಗಟ್ಟು ಅಂಗಳದಿಂದ ಎಷ್ಟು ಎತ್ತರದಲ್ಲಿದೆ, ಪಡಸಾಲೆ ಯಾವ ದಿಕ್ಕಿಗೆ ತೆರೆದುಕೊಳ್ಳುತ್ತದೆ, ಕಂಬದಿಂದ ಕಂಬಕ್ಕೆ ಎಷ್ಟು ಅಂತರವಿದೆ, ಗೋಡೆಗೂ ನೆಲಕ್ಕೂ ಯಾವ ಕಲ್ಲು ಬಳಸಿದೆ ಎಂಬುದನ್ನು ಅಳೆದು ಬರೆದುಕೊಂಡರೆ ಕೊಳದ ಉದ್ದಗಲ, ದಂಡೆಯ ಎತ್ತರ, ಅಂಚಿನ ಕಲ್ಲು ಬಹುಪಾಲು ನಿರ್ಧಾರವಾಗಿಬಿಡುತ್ತವೆ. ಇವುಗಳಲ್ಲಿ ದಂಡೆಗೆ ನಾನು ಹೆಚ್ಚಿನ ತೂಕ ಕೊಡುತ್ತೇನೆ. ನೀರು ಎಲ್ಲ ಕೊಳಗಳಲ್ಲಿಯೂ ನೀರೇ. ಕೊಳವು ಆ ಮನೆಯದೋ ಹೊರಗಿನಿಂದ ತಂದಿಟ್ಟದ್ದೋ ಎಂಬುದನ್ನು ಹೇಳುವುದು ಅದರ ದಂಡೆ.

ಗೋಡಂಬಿಯಂತೆ ಬಳಕುವ ಕೊಳವನ್ನು ಬಯಸುವವರು ಅದರ ಹಿನ್ನೆಲೆಯನ್ನು ತಿಳಿದಿರುವುದು ಒಳ್ಳೆಯದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1948ರಲ್ಲಿ ಉದ್ಯಾನ ವಿನ್ಯಾಸಕ ಥಾಮಸ್ ಚರ್ಚ್ ರೂಪಿಸಿದ ಡಾನೆಲ್ ಉದ್ಯಾನದ ಕೊಳದಿಂದ ಆ ಬಗೆಯ ಆಕಾರ ಹೆಸರುವಾಸಿಯಾಯಿತು. ಆ ಉದ್ಯಾನ ಗುಡ್ಡದ ಮೇಲಿದ್ದು, ಕೆಳಗಿನ ಜೌಗುನೆಲದಲ್ಲಿ ತೊರೆಗಳು ಸುತ್ತಿ ಬಳಸಿ ಹರಿಯುವುದು ಅಲ್ಲಿಂದ ಕಾಣುತ್ತದೆ. ಕೊಳದ ಬಾಗು ಆ ತೊರೆಗಳ ಬಾಗಿಗೆ ಉತ್ತರವಾಗಿತ್ತು. ನಾಲ್ಕು ನೇರ ಕಾಂಪೌಂಡ್ ಗೋಡೆಗಳ ನಡುವಿನ ನಮ್ಮ ನಿವೇಶನದಲ್ಲಿ ಅದೇ ಬಾಗಿಗೆ ಉತ್ತರಿಸಲು ಏನೂ ಇರುವುದಿಲ್ಲ, ಜೊತೆಗೆ ಮೂಲೆಗಳಲ್ಲಿ ಯಾವುದಕ್ಕೂ ಬಾರದ ತುಂಡುಜಾಗ ಉಳಿಯುತ್ತದೆ.

ಧಾರವಾಡದ ಹಳೆಯ ಓಣಿಗಳಲ್ಲಿ ಉಳಿದಿರುವ ಮಂಗಳೂರು ಹಂಚಿನ ಬಂಗಲೆಗಳಿಗೆ, ಅವುಗಳ ಮಾದರಿಯಲ್ಲಿ ಈಗ ಕಟ್ಟುವ ಮನೆಗಳಿಗೆ, ವರಾಂಡಕ್ಕೆ ಸಮಾನಾಂತರವಾಗಿ ಮಲಗಿದ ನೀಳ ಆಯತದ ಕೊಳ ಒಪ್ಪುತ್ತದೆ. ವರಾಂಡದ ಕಂಬಗಳ ಅಂತರವನ್ನೇ ಅಳತೆಗೋಲಾಗಿಟ್ಟುಕೊಂಡು, ಕೊಳದ ಎರಡು ತುದಿಗಳು ಎರಡು ಕಂಬಗಳ ನೇರಕ್ಕೆ ಬರುವಂತೆ ಮಾಡಿದರೆ ಒಳಗೆ ಕುಳಿತವರ ಕಣ್ಣಿಗೆ ಮನೆ ಮತ್ತು ನೀರು ಒಂದೇ ನಕ್ಷೆಯಲ್ಲಿ ಹುಟ್ಟಿದವು ಎನಿಸುತ್ತದೆ. ಚಪ್ಪಟೆ ಸ್ಲ್ಯಾಬಿನ, ದೊಡ್ಡ ಗಾಜಿನ ಬಾಗಿಲುಗಳ ಇಂದಿನ ಮನೆಗೆ ಕಿರಿದಾದ ಉದ್ದ ಕೊಳ ಸಾಕು. ಒಬ್ಬರು ಈಜಲು ಎರಡೂವರೆ ಮೀಟರ್ ಅಗಲವಿದ್ದರೆ ತೊಂದರೆಯಿಲ್ಲ. ಇಂಥ ಮನೆಗಳವರು ನೀರು ಅಂಚನ್ನು ದಾಟಿ ತುಳುಕುವ ಕೊಳವನ್ನು ಇಷ್ಟಪಡುತ್ತಾರೆ. ಅದಕ್ಕೆ ತುಳುಕಿದ ನೀರನ್ನು ಹಿಡಿದಿಡುವ ಪ್ರತ್ಯೇಕ ಸಮತೋಲನ ತೊಟ್ಟಿ ಬೇಕು, ಬೀಸುಗಾಳಿಗೆ ನೀರಿನ ನಷ್ಟವೂ ಹೆಚ್ಚು. ಅಂಚಿನ ಆಚೆ ಕೆರೆಯೋ ಕಣಿವೆಯೋ ಕಾಣುವ ಸ್ಥಳವಾದರೆ ಆ ಖರ್ಚಿಗೆ ಅರ್ಥವಿದೆ; ಪಕ್ಕದ ಮನೆಯ ಗೋಡೆ ಮಾತ್ರ ಕಾಣುವಲ್ಲಿ ಅದನ್ನು ಕೈಬಿಡುವುದು ಲೇಸು.

ದಪ್ಪ ಕಲ್ಲು–ಮಣ್ಣಿನ ಗೋಡೆಗಳ ವಾಡೆಯನ್ನು ಜೀರ್ಣೋದ್ಧಾರ ಮಾಡುವವರಿಗೆ ಒಳ ಅಂಗಳದಲ್ಲಿಯೇ ಕೊಳ ತೋಡುವ ಆಸೆ ಬರುವುದು ಸಹಜ, ಆದರೆ ಹಳೆಯ ಗೋಡೆಗಳ ಪಾಯದ ಆಳವನ್ನು ಪರೀಕ್ಷಿಸದೆ ಆ ಕೆಲಸಕ್ಕೆ ಕೈಹಾಕಬಾರದು. ಪಾಯದ ತಳಕ್ಕಿಂತ ಕೊಳದ ಗುಂಡಿ ಎಷ್ಟು ಕೆಳಗಿಳಿಯುತ್ತದೆಯೋ ಕನಿಷ್ಠ ಅಷ್ಟು ದೂರ ಪಾಯದಿಂದ ಬಿಡಬೇಕು, ಎರೆಮಣ್ಣಿನಲ್ಲಿ ಇನ್ನೂ ಹೆಚ್ಚು. ಆ ಅಂತರ ಸಿಗದಿದ್ದರೆ ಕೊಳ ಹಿತ್ತಲಿಗೆ ಹೋಗಲಿ. ಅಲ್ಲಿ ಅದಕ್ಕೆ ಮಾದರಿ ಹುಡುಕಲು ದೂರ ಹೋಗಬೇಕಿಲ್ಲ. ಗದಗ ಜಿಲ್ಲೆಯ ಲಕ್ಕುಂಡಿಯಲ್ಲಿ ಮಾಣಿಕೇಶ್ವರ ಗುಡಿಗೆ ಹೊಂದಿಕೊಂಡಿರುವ ಮುಸುಕಿನ ಬಾವಿಯನ್ನು ಒಮ್ಮೆ ನಿಧಾನವಾಗಿ ನೋಡಿ ಬರಬೇಕು: ಕೆಳಗಿಳಿಯುವ ಮೆಟ್ಟಿಲ ಸಾಲುಗಳು, ಅವುಗಳ ನಡುವೆ ಪುಟ್ಟ ಗೂಡುಗುಡಿಗಳು, ಗುಡಿಗೂ ಬಾವಿಗೂ ಒಂದೇ ಕಲ್ಲಿನ ಭಾಷೆ. ಅದೇ ಜಿಲ್ಲೆಯ ಸೂಡಿಯಲ್ಲಿರುವ ನಾಗಕುಂಡವೆಂಬ ಮೆಟ್ಟಿಲು ಹೊಂಡವೂ ಅದೇ ಪರಂಪರೆಯದು. ಅಲ್ಲಿಂದ ಮನೆಗೆ ತರಬೇಕಾದದ್ದು ಮೆಟ್ಟಿಲು ಮತ್ತು ನೇರ ರೇಖೆಯನ್ನು ಮಾತ್ರ. ಸಿಮೆಂಟಿನ ಶಿಖರ, ಗೂಡಿನಲ್ಲಿ ಗಣಪತಿ ಇವೆಲ್ಲ ಸ್ನಾನದ ನೀರಿನ ಬಳಿ ಶೋಭಿಸುವುದಿಲ್ಲ. ಮೆಟ್ಟಿಲನ್ನು ಕೂಡ ಎಲ್ಲ ಬದಿಗೂ ಇಳಿಸಬಾರದು. ಬೇಸಿಗೆಯಲ್ಲಿ ನೀರು ತಳ ಸೇರುವ ಬಾವಿಗೆ ಅಷ್ಟು ಮೆಟ್ಟಿಲು ಬೇಕಾಗಿತ್ತು. ವರ್ಷವಿಡೀ ಒಂದೇ ಮಟ್ಟದಲ್ಲಿ ನೀರು ನಿಲ್ಲುವ ಈಜುಕೊಳದಲ್ಲಿ ಅವು ಈಜುವ ಜಾಗವನ್ನು ನುಂಗುತ್ತವೆ. ಅಗಲ ಕಿರಿದಾದ ಒಂದು ಬದಿಗೆ, ಪೂರ್ತಿ ಅಗಲಕ್ಕೆ, ಮೂವತ್ತು ಸೆಂಟಿಮೀಟರಿಗೆ ಕಡಿಮೆಯಿಲ್ಲದ ತುಳಿಗಲ್ಲಿನ ಐದಾರು ಮೆಟ್ಟಿಲು ಇಳಿಸಿದರೆ ಪುಷ್ಕರಣಿಯ ಗುಣವೂ ಬರುತ್ತದೆ, ಹಿರಿಯರು ಕುಳಿತು ಕಾಲು ಇಳಿಬಿಡಲು ಅನುಕೂಲವೂ ಆಗುತ್ತದೆ.

ಶೈಲಿಯ ಪ್ರಶ್ನೆಯನ್ನು ಇಷ್ಟಕ್ಕೆ ಬಿಡಲು ನಮ್ಮ ನೆಲ ಒಪ್ಪುವುದಿಲ್ಲ. ಹುಬ್ಬಳ್ಳಿಯಿಂದ ಅಣ್ಣಿಗೇರಿ, ಗದಗದ ಕಡೆಗೆ ಹಬ್ಬಿರುವ ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ಹೋಗುವಷ್ಟು ಬಿರಿಯುತ್ತದೆ. ಮಸಾರಿ ಭೂಮಿಯಲ್ಲಿ ಸಲೀಸಾಗಿ ನಿಲ್ಲುವ ಕೊಳದ ಗೋಡೆ ಎರೆಯಲ್ಲಿ ಕೆಲವೇ ವರ್ಷಗಳಲ್ಲಿ ಸೀಳಬಹುದು. ಆದ್ದರಿಂದ ನಕ್ಷೆಗೆ ಮೊದಲೇ ಮಣ್ಣಿನ ಪರೀಕ್ಷೆ ಆಗಬೇಕು. ತಳದಲ್ಲಿಯೂ ಸುತ್ತಲೂ ಎರೆಯನ್ನು ತೆಗೆದು ಗರಸು ತುಂಬಿ, ಪದರಪದರವಾಗಿ ದಮ್ಮಸು ಮಾಡಿ, ಗೋಡೆಯ ಹೊರಗೆ ನೀರು ಹರಿದುಹೋಗುವ ಕೊಳವೆ ಹಾಕಬೇಕು. ಕೊಳದ ಕಾಂಕ್ರೀಟನ್ನು ಮನೆಯ ಪಾಯಕ್ಕೆ ಕಟ್ಟದೆ ನಡುವೆ ಸಂದು ಬಿಡಬೇಕು. ಆಳ ಎಷ್ಟಿರಬೇಕು, ಕಬ್ಬಿಣ ಎಷ್ಟು ಬೇಕು ಎಂಬುದನ್ನು ಸ್ಟ್ರಕ್ಚರಲ್ ಎಂಜಿನಿಯರ್ ಲೆಕ್ಕ ಹಾಕಲಿ, ಗೌಂಡಿಯ ಅಂದಾಜಿಗೆ ಬಿಡುವುದು ಬೇಡ. ಮಳೆಗಾಲದಲ್ಲಿ ಕೊಳವನ್ನು ಖಾಲಿ ಮಾಡುವುದೂ ಅಪಾಯ, ಏಕೆಂದರೆ ಸುತ್ತಲಿನ ನೆಲದಲ್ಲಿ ನಿಂತ ನೀರು ಖಾಲಿ ಕೊಳವನ್ನು ಮೇಲಕ್ಕೆ ಎತ್ತಬಲ್ಲದು. ತಳದಲ್ಲಿ ಒತ್ತಡ ಬಿಡುವ ಕವಾಟ ಇಡಿಸಿಕೊಳ್ಳಬೇಕು.

ಈ ತೊಡಕೇ ನಮ್ಮ ಸೀಮೆಗೆ ಒಂದು ಒಳ್ಳೆಯ ರೂಪವನ್ನು ಕೊಡುತ್ತದೆ ಎಂಬುದು ನನ್ನ ನಂಬಿಕೆ. ಇಲ್ಲಿಯ ಹಳೆಯ ಮನೆಗಳ ನೆಲಗಟ್ಟು ಅಂಗಳಕ್ಕಿಂತ ಎರಡು ಮೂರು ಅಡಿ ಎತ್ತರ, ಮುಂದೆ ಕೂಡಲು ಕಟ್ಟೆ. ಕೊಳವನ್ನು ಪೂರ್ತಿ ನೆಲದೊಳಗೆ ಹೂಳದೆ, ಅದರ ದಂಡೆಯನ್ನು ಪಡಸಾಲೆಯ ಮಟ್ಟಕ್ಕೆ ಏರಿಸಿ, ಹೊರಮೈಗೆ ನೆಲಗಟ್ಟಿನ ಕಲ್ಲನ್ನೇ ಹೊದಿಸಿದರೆ ಅದು ಮನೆಯ ಕಟ್ಟೆಯ ಮುಂದುವರಿಕೆಯಾಗುತ್ತದೆ. ಅಗೆತ ಕಡಿಮೆಯಾಗುತ್ತದೆ, ಮಳೆಯಲ್ಲಿ ಅಂಗಳದ ಕೆಸರು ಕೊಳಕ್ಕೆ ಹರಿಯುವುದಿಲ್ಲ. ಎತ್ತರದ ದಂಡೆ ಚಿಕ್ಕ ಮಕ್ಕಳನ್ನು ತಡೆದೀತು ಎಂದು ಮಾತ್ರ ನಂಬಬಾರದು; ನಾಲ್ಕು ಅಡಿಗೆ ಕಡಿಮೆಯಿಲ್ಲದ, ಮಕ್ಕಳು ಹತ್ತಲು ಬಾರದ ಕಟಾಂಜನ, ತಾನಾಗಿ ಮುಚ್ಚಿಕೊಳ್ಳುವ ಬಾಗಿಲು ಎರಡೂ ಬೇಕು.

ಕಲ್ಲಿನ ಆಯ್ಕೆಯಲ್ಲಿ ಕಣ್ಣಿಗಿಂತ ಪಾದವನ್ನು ಕೇಳಬೇಕು. ಕಪ್ಪು ಕಡಪಾ ಕಲ್ಲು ಚಿತ್ರದಲ್ಲಿ ಚೆಂದ, ಏಪ್ರಿಲ್ ಮಧ್ಯಾಹ್ನ ಅದರ ಮೇಲೆ ಬರಿಗಾಲಿಡಲಾಗದು. ನಮ್ಮ ಮನೆಗಳ ನೆಲದಲ್ಲಿ ಬಳಕೆಯಿರುವ ಶಹಾಬಾದ್ ಕಲ್ಲು ಸುಣ್ಣಕಲ್ಲು. ಕೊಳದ ನೀರನ್ನು ಹದಕ್ಕೆ ತರಲು ಬಳಸುವ ಆಮ್ಲ ಚೆಲ್ಲಿದರೆ ಅದರ ಮೈ ತಿನ್ನುತ್ತದೆ, ಆದ್ದರಿಂದ ಅದನ್ನು ದಂಡೆಯಿಂದ ಆಚೆಗಿನ ನಡೆದಾರಿಗೆ, ಪಾಲಿಶ್ ಮಾಡದೆ, ಬಳಸುವುದು ಸೂಕ್ತ. ದಂಡೆಗೆ ಬೆಂಕಿ ಹಾಯಿಸಿ ಒರಟು ಮಾಡಿದ ಗ್ರಾನೈಟ್ ಬಾಳಿಕೆ ಬರುತ್ತದೆ. ಹಂಚಿನ ಮನೆಗೆ ಇಳಕಲ್ಲಿನ ಕೆಂಪು ಛಾಯೆಯದು, ಸ್ಲ್ಯಾಬಿನ ಮನೆಗೆ ತಿಳಿಬೂದಿಯದು. ಲಕ್ಕುಂಡಿಯ ಗುಡಿಗಳ ಬಳಪದ ಕಲ್ಲು ಮೃದು, ತುಳಿಯುವ ಜಾಗಕ್ಕೆ ಸಲ್ಲದು.

ಒಳಮೈಯ ಬಣ್ಣವೇ ನೀರಿನ ಬಣ್ಣ. ಬಿಳಿ ಗಿಲಾವು ತಿಳಿನೀಲಿಯನ್ನೂ, ಬೂದು–ಹಸಿರು ಬಿಲ್ಲೆಗಳು ಹಳೆಯ ಹೊಂಡದ ಛಾಯೆಯನ್ನೂ ಕೊಡುತ್ತವೆ. ಕೆಂಪು ಹಂಚಿನ ಕೆಳಗೆ ಕಡುನೀಲಿ ಮೊಸಾಯಿಕ್ ಕಣ್ಣಿಗೆ ಹೊಡೆಯುತ್ತದೆ. ತೀರ ಕಪ್ಪು ತಳವನ್ನು ಯಾವ ಶೈಲಿಯ ಮನೆಗೂ ನಾನು ಸೂಚಿಸುವುದಿಲ್ಲ. ಮುಳುಗುತ್ತಿರುವವರು ಅದರಲ್ಲಿ ಕಾಣಿಸುವುದಿಲ್ಲ. ಬೋರ್‌ವೆಲ್ಲಿನ ಗಡಸು ನೀರು ಬಳಸುವವರು ನೀರಿನ ಮಟ್ಟದ ಸಾಲಿಗೆ ತಿಳಿಬಣ್ಣದ ಬಿಲ್ಲೆ ಹಾಕಿದರೆ ಸುಣ್ಣದ ಬಿಳಿಗೆರೆ ಎದ್ದು ಕಾಣದು.

ನೀರಿನ ಲೆಕ್ಕವನ್ನೂ ಮುಂಚೆಯೇ ಮಾಡಬೇಕು. ಎಂಟು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, 1.3 ಮೀಟರ್ ಆಳದ ಕೊಳಕ್ಕೆ ಸುಮಾರು 41,600 ಲೀಟರ್ ಬೇಕು. ದಿನಕ್ಕೆ ಐದು ಮಿಲಿಮೀಟರ್ ಆವಿಯಾದರೆ 160 ಲೀಟರ್ ಹೋಗುತ್ತದೆ. ನಳದ ನೀರಿಗೆ ದಿನ ಎಣಿಸಿದ ಊರಿನಲ್ಲಿ ಇದು ಸಣ್ಣ ಮಾತಲ್ಲ. ಆವಿಯಾಗುವುದನ್ನು ತಡೆಯಲು ಕೊಳದ ಮೇಲೆ ಹಾಸುವ ಹೊದಿಕೆಯನ್ನು ಸುತ್ತಿಡುವ ಉರುಳೆಗೆ ನಕ್ಷೆಯಲ್ಲಿಯೇ ಜಾಗ ಮಾಡಿ, ಅದನ್ನು ಕಲ್ಲಿನ ಆಸನದ ಕೆಳಗೆ ಅಡಗಿಸಬಹುದು. ಹೊದಿಕೆ ಹಾಕಲು ಆಯತವೇ ಸುಲಭ. ಮಳೆಗಾಲದ ಗಾಳಿ ಪಶ್ಚಿಮದಿಂದ ಬೀಸುವುದರಿಂದ ತೇಲುವ ಕಸವನ್ನು ಸೆಳೆಯುವ ಬಾಯಿ ಪೂರ್ವದ ಬದಿಗಿರಲಿ, ಬೇವು, ಹೊಂಗೆ ಮರಗಳು ದೂರವಿರಲಿ. ವಾಸ್ತು ನೋಡುವ ಮನೆಯವರು ನೀರು ಈಶಾನ್ಯದಲ್ಲಿರಬೇಕೆನ್ನುತ್ತಾರೆ. ಪಡಸಾಲೆ ಅತ್ತ ತೆರೆದಿದ್ದರೆ ಜಗಳವೇ ಇಲ್ಲ, ಇಲ್ಲದಿದ್ದರೆ ಆ ಮೂಲೆಗೆ ನೆಲದಡಿಯ ನೀರಿನ ತೊಟ್ಟಿಯನ್ನು ಕೊಟ್ಟು ಕೊಳವನ್ನು ಪಡಸಾಲೆಯ ಮುಂದೆ ಇಡುವ ರಾಜಿಗೆ ಹೆಚ್ಚಿನವರು ಒಪ್ಪುತ್ತಾರೆ.

ಜಾಗ ಸಾಲದೆ ಮಾಳಿಗೆಯ ಮೇಲೆ ಕೊಳ ಬಯಸುವವರಿಗೆ ಒಂದೇ ಮಾತು: 1.2 ಮೀಟರ್ ನೀರು ಚದರ ಮೀಟರಿಗೆ 1,200 ಕಿಲೋ ಭಾರ, ವಾಸದ ಮನೆಯ ಸ್ಲ್ಯಾಬನ್ನು ಸಾಮಾನ್ಯವಾಗಿ ಸುಮಾರು 200 ಕಿಲೋ ಬಳಕೆಯ ಭಾರಕ್ಕೆ ರೂಪಿಸಿರುತ್ತಾರೆ. ಆಗಲೇ ಕಟ್ಟಿದ ಮನೆಯ ಮೇಲೆ ಅದು ಆಗದ ಕೆಲಸ.

ಅಗೆಯುವ ಮುನ್ನ ಸುಣ್ಣದ ಪುಡಿಯಿಂದ ಕೊಳದ ಗೆರೆ ಎಳೆದು, ದಂಡೆಯ ಎತ್ತರಕ್ಕೆ ಗೂಟ ನೆಟ್ಟು ಹಗ್ಗ ಕಟ್ಟಿ, ಪಡಸಾಲೆಯಿಂದಲೂ ಮಹಡಿಯ ಕಿಟಕಿಯಿಂದಲೂ ನೋಡಿ ತಿದ್ದಿಕೊಳ್ಳಬೇಕು. ಕಾಂಕ್ರೀಟ್ ಗಟ್ಟಿಯಾದ ಮೇಲೆ, ಬಿಲ್ಲೆ ಅಂಟಿಸುವ ಮೊದಲು, ಕೊಳ ತುಂಬಿಸಿ ಒಂದು ವಾರ ಬಿಡಬೇಕು. ಮೆಟ್ಟಿಲ ಮೇಲೆ ನೀರು ತುಂಬಿದ ಬಕೆಟ್ ಇಟ್ಟು, ಬಕೆಟ್ಟಿನಲ್ಲಿ ಇಳಿದಷ್ಟೇ ನೀರು ಕೊಳದಲ್ಲಿಯೂ ಇಳಿದಿದ್ದರೆ ಅದು ಆವಿ, ಹೆಚ್ಚು ಇಳಿದಿದ್ದರೆ ಸೋರಿಕೆ. ಸೋರಿಕೆ ಸಿಕ್ಕಿ ಮುಚ್ಚುವವರೆಗೆ ಗುತ್ತಿಗೆದಾರರ ಮುಂದಿನ ಕಂತನ್ನು ತಡೆಹಿಡಿಯುವ ಷರತ್ತನ್ನು ಕರಾರಿನಲ್ಲಿ ಮೊದಲೇ ಬರೆಸಿಕೊಂಡಿರಬೇಕು.