ಮಾಳಿಗೆ ಮೇಲಿಂದ ಒಂದು ಬ್ಲೇಜಾರ್ ಬೆನ್ನು ಹತ್ತಿ

2021ರ ಆಗಸ್ಟ್‌ನಲ್ಲಿ ಬಿಎಲ್ ಲ್ಯಾಸರ್ಟೆ ಎಂಬ ಬ್ಲೇಜಾರ್ ಅದುವರೆಗೆ ಯಾರೂ ಕಾಣದಷ್ಟು ಬೆಳಗಿತು. ಬೇರೆ ಕಡೆಯ ಹವ್ಯಾಸಿಗಳು ರಾತ್ರಿಯೆಲ್ಲ ಕೂತು ಅಳೆದರು. ನಾನಿದ್ದದ್ದು ಧಾರವಾಡದಲ್ಲಿ. ಆಗಸ್ಟ್ ಅಂದ್ರೆ ಇಲ್ಲಿ ಜಿಟಿಜಿಟಿ ಮಳೆ, ಗೊತ್ತಲ್ವಾ? ಲೆನ್ಸಿಗೆ ಬೂಷ್ಟು ಹಿಡಿಯದಿರಲಿ ಅಂತ ಸಿಲಿಕಾ ಜೆಲ್ ಪೊಟ್ಟಣ ಬದಲಿಸುವುದೇ ಆ ತಿಂಗಳು ನಾನು ಮಾಡಿದ ಖಗೋಳ ವಿಜ್ಞಾನ.

ಅಕ್ಟೋಬರ್ ಕೊನೆಗೆ ಆಕಾಶ ತೊಳೆದಿಟ್ಟಂತೆ ತೆರೆಯಿತು. ಅಲ್ಲಿಂದ ನನ್ನ ಕೆಲಸ ಶುರು.

ಬ್ಲೇಜಾರ್ ಅಂದರೆ ನಕ್ಷತ್ರ ಅಲ್ಲ. ದೂರದ ಒಂದು ಗ್ಯಾಲಕ್ಸಿಯ ನಡುವೆ ದೈತ್ಯ ಕಪ್ಪು ಕುಳಿ ಇರುತ್ತದೆ. ಅದರ ಹತ್ತಿರದಿಂದ ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ಒಂದು ಜೆಟ್ ಚಿಮ್ಮುತ್ತದೆ. ಆ ಜೆಟ್ ನಮ್ಮ ಕಡೆಗೇ ಮುಖ ಮಾಡಿದ್ದರೆ ಅದು ಬ್ಲೇಜಾರ್. 1929ರಲ್ಲಿ ಬಿಎಲ್ ಲ್ಯಾಸರ್ಟೆಯನ್ನು ಗುರುತಿಸಿದ ಜರ್ಮನಿಯ ಖಗೋಳ ವಿಜ್ಞಾನಿ ಹಾಫ್‌ಮೈಸ್ಟರ್, ಇದು ನಮ್ಮದೇ ಗ್ಯಾಲಕ್ಸಿಯ ಒಂದು ಚಂಚಲ ನಕ್ಷತ್ರ ಅಂದುಕೊಂಡಿದ್ದರು. ಹೆಸರೂ ನಕ್ಷತ್ರದ್ದೇ ಉಳಿಯಿತು. 1968ರಲ್ಲಿ ಅದೇ ಜಾಗದಿಂದ ರೇಡಿಯೋ ಅಲೆಗಳು ಬರುತ್ತಿವೆ ಎಂದು ಗೊತ್ತಾದ ಮೇಲೆ ಕಥೆ ಬದಲಾಯಿತು. ಈಗ ನಮಗೆ ಗೊತ್ತಿರುವಂತೆ ಅದು ಸುಮಾರು 90 ಕೋಟಿ ಬೆಳಕಿನ ವರ್ಷ ಆಚೆ ಇದೆ.

ನನ್ನ ಸಲಕರಣೆ ದೊಡ್ಡದೇನಲ್ಲ. ಎಂಟು ಇಂಚಿನ ಟೆಲಿಸ್ಕೋಪ್, ಅದನ್ನು ಹೊತ್ತು ತಿರುಗಿಸುವ ಮೌಂಟ್, ತನ್ನ ಚಿಪ್ಪನ್ನು ತಂಪಾಗಿಡುವ ಕಪ್ಪು-ಬಿಳುಪು ಕ್ಯಾಮೆರಾ, ಎರಡು ಫಿಲ್ಟರ್: ಹಸಿರು-ಹಳದಿ ಕಡೆಯ ವಿ, ಕೆಂಪು ಕಡೆಯ ಆರ್. ಒಂದೊಂದು ನಿಮಿಷದ ಹತ್ತು ಚಿತ್ರ ವಿ-ಯಲ್ಲಿ, ಹತ್ತು ಆರ್-ನಲ್ಲಿ, ಮತ್ತೆ ವಿ. ಅಕ್ಕಪಕ್ಕ ಬೆಳಕು ಬದಲಾಗದ ನಕ್ಷತ್ರಗಳಿರುತ್ತವೆ. ಅವುಗಳ ಜೊತೆ ಬ್ಲೇಜಾರನ್ನು ಹೋಲಿಸಿ ನೋಡುವುದು. ತೆಳು ಮೋಡ ಬಂದರೆ ಎಲ್ಲವೂ ಒಟ್ಟಿಗೆ ಮಸುಕಾಗುತ್ತವೆ, ಹೋಲಿಕೆ ಕೆಡುವುದಿಲ್ಲ. ಇದರ ಜೊತೆಗೆ ಇನ್ನೊಂದು ಸ್ಥಿರ ನಕ್ಷತ್ರವನ್ನು ಸುಮ್ನೆ ಕಾವಲಿಗೆ ಇಟ್ಟುಕೊಳ್ಳಬೇಕು. ಗ್ರಾಫಿನಲ್ಲಿ ಅದರ ಬೆಳಕಿನ ಗೆರೆ ನೆಟ್ಟಗೆ ಇದ್ದರೆ ಮಾತ್ರ ಬ್ಲೇಜಾರಿನ ಗೆರೆಯನ್ನು ನಂಬಬಹುದು.

ಈ ಕಾವಲು ನಕ್ಷತ್ರವನ್ನು ನಾನು ಮೊದಲ ವಾರ ನೋಡಲೇ ಇಲ್ಲ. ಅದರ ಫಲ ಕೇಳಿ. ಒಂದು ರಾತ್ರಿ ಎಂಟು ಗಂಟೆ ಹೊತ್ತಿಗೆ, ಎರಡು ಚಿತ್ರಗಳ ನಡುವೆ, ಬ್ಲೇಜಾರ್ 0.09 ಮ್ಯಾಗ್ನಿಟ್ಯೂಡ್ (ಆಕಾಶಕಾಯಗಳ ಹೊಳಪು ಅಳೆಯುವ ಮಾನ) ಮೇಲೆ ಹಾರಿತು. ನಿಮಿಷಗಳಲ್ಲಿ! ಹುಬ್ಬಳ್ಳಿಯ ಗೆಳೆಯನಿಗೆ ಫೋನ್ ಮಾಡಿ ಕೂಗಾಡಿದೆ. ಅವನು ಒಂದೇ ಮಾತು ಕೇಳಿದ: "ಮೌಂಟ್ ಯಾವಾಗ ತಿರುಗಿತು?"

ತಿರುಗಿದ್ದು ಸರಿಯಾಗಿ ಅದೇ ಹೊತ್ತಿಗೆ. ನಮ್ಮ ಕಡೆ ಅಕ್ಟೋಬರ್ ಕೊನೆಗೆ ಬಿಎಲ್ ಲ್ಯಾಸರ್ಟೆ ರಾತ್ರಿ ಎಂಟರ ಸುಮಾರಿಗೆ ಉತ್ತರ-ದಕ್ಷಿಣ ಗೆರೆ ದಾಟುತ್ತದೆ. ಆಗ ಮೌಂಟ್ ಟೆಲಿಸ್ಕೋಪನ್ನು ಈ ಮಗ್ಗುಲಿನಿಂದ ಆ ಮಗ್ಗುಲಿಗೆ ಹೊರಳಿಸುತ್ತದೆ. ಚಿತ್ರ ತಲೆಕೆಳಗಾಗುತ್ತದೆ, ಬ್ಲೇಜಾರ್ ಕ್ಯಾಮೆರಾ ಚಿಪ್ಪಿನ ಬೇರೆ ಮೂಲೆಗೆ ಹೋಗಿ ಕೂಡುತ್ತದೆ. ಚಿಪ್ಪಿನ ಮೂಲೆ ಮೂಲೆಗೆ ಇರುವ ವ್ಯತ್ಯಾಸ ಸರಿಪಡಿಸಲು ಸಂಜೆ ಕೊಳವೆಯ ಬಾಯಿಗೆ ಬಿಳಿ ಪಂಚೆ ಕಟ್ಟಿ 'ಫ್ಲ್ಯಾಟ್' ಚಿತ್ರ ತೆಗೆಯುತ್ತೇವೆ. ನಾನು ಕಟ್ಟಿದ ಪಂಚೆಯ ಎಡಕ್ಕೆ ಬೀದಿ ದೀಪ ಬಿದ್ದಿತ್ತು. ಅಷ್ಟೇ. 90 ಕೋಟಿ ವರ್ಷ ಪ್ರಯಾಣ ಮಾಡಿ ಬಂದ ಬೆಳಕನ್ನು ನಮ್ಮ ಓಣಿಯ ಕಂಬ ಕೆಡಿಸಿತು. ಕಾವಲು ನಕ್ಷತ್ರದ ಗೆರೆ ತೆಗೆದು ನೋಡಿದರೆ ಅದೂ ಅದೇ ಕ್ಷಣಕ್ಕೆ ಜಿಗಿದಿತ್ತು.

ಪಂಚೆಯನ್ನು ಎರಡು ಮಡಿಕೆ ಮಾಡಿ, ದೀಪ ಹತ್ತುವ ಮೊದಲೇ ಫ್ಲ್ಯಾಟ್ ತೆಗೆಯುವುದು ರೂಢಿ ಮಾಡಿಕೊಂಡೆ. ಆಮೇಲೆ ಬಂದ ಏರಿಳಿತ ನಿಜವಾದದ್ದು. ಒಂದೇ ರಾತ್ರಿಯಲ್ಲಿ, ನಾಲ್ಕೈದು ತಾಸಿನಲ್ಲಿ, ಅದು ಏರಿ ಇಳಿಯುವುದನ್ನು ಕಂಡೆ. ಕಾವಲು ನಕ್ಷತ್ರ ಅಲುಗಲಿಲ್ಲ.

ಇಷ್ಟು ಬೇಗ ಬದಲಾದರೆ ಏನರ್ಥ? ನಮ್ಮ ಹುಬ್ಬಳ್ಳಿ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ. ಅದರ ಎಲ್ಲ ದೀಪ ಒಂದೇ ಕ್ಷಣಕ್ಕೆ ಹತ್ತಿದವು ಅನ್ನಿ. ಈ ತುದಿಯಲ್ಲಿ ನಿಂತವನಿಗೆ ಆ ತುದಿಯ ಬೆಳಕು ಸೆಕೆಂಡಿನ ಹತ್ತು ಲಕ್ಷದ ಐದು ಭಾಗದಷ್ಟು ತಡವಾಗಿ ಮುಟ್ಟುತ್ತದೆ. ಅದಕ್ಕಿಂತ ಚುರುಕಾಗಿ ಇಡೀ ಪ್ಲಾಟ್‌ಫಾರ್ಮ್ ಮಿನುಗಿದಂತೆ ಅವನಿಗೆ ಕಾಣಲಾರದು. ಅದೇ ಲೆಕ್ಕ ಇಲ್ಲೂ. ಐದು ತಾಸಿನಲ್ಲಿ ಬೆಳಕು ಬದಲಾದರೆ, ಮೂಲದ ಅಗಲ ಬೆಳಕು ಐದು ತಾಸು ಓಡುವಷ್ಟೇ: ಸೂರ್ಯನಿಂದ ನೆಪ್ಚೂನ್ ದಾಟಿ ಸ್ವಲ್ಪ ಮುಂದೆ. ಆದರೆ ಜೆಟ್ ನಮ್ಮ ಕಡೆಗೇ ನುಗ್ಗುತ್ತಿರುವುದರಿಂದ ಕಾಲ ನಮಗೆ ಕುಗ್ಗಿ ಕಾಣುತ್ತದೆ. ಹತ್ತು ಪಟ್ಟು ಕುಗ್ಗಿದರೆ, ಅಲ್ಲಿನ ಹತ್ತು ದಿನ ಇಲ್ಲಿ ಒಂದೇ ದಿನ. ಆಗ ಮೂಲದ ಅಗಲವನ್ನೂ ಹತ್ತರಿಂದ ಗುಣಿಸಬೇಕು. ಬೆಳಕೋ, ಸಾವಿರ ಪಟ್ಟು ಅಥವಾ ಇನ್ನೂ ಜಾಸ್ತಿ ಹಿಗ್ಗುತ್ತದೆ. ಹಾಗಾಗಿಯೇ ನನ್ನ ಎಂಟು ಇಂಚಿಗೂ ಅದು ಸಿಗುತ್ತದೆ.

ಈಗ ಬಣ್ಣದ ಮಾತು. ಮೊದಮೊದಲು ಆರ್ ಒಂದರಲ್ಲೇ ಅಳೆದು ಸಮಯ ಉಳಿಸೋಣ ಅಂದುಕೊಂಡಿದ್ದೆ. ದಡ್ಡತನ. ಒಂದೇ ಫಿಲ್ಟರ್‌ನಲ್ಲಿ ಎಷ್ಟು ರಾತ್ರಿ ಕೂತರೂ 'ಏರಿತು, ಇಳಿಯಿತು' ಅನ್ನಬಹುದೇ ಹೊರತು ಯಾಕೆ ಅಂತ ಹೇಳಲಾಗದು. ಜೆಟ್ ಸ್ವಲ್ಪ ನಮ್ಮ ಕಡೆ ವಾಲಿದರೂ ಬೆಳಕು ಏರುತ್ತದೆ, ಆದರೆ ಆಗ ಬಣ್ಣಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೆ ಏರುತ್ತವೆ. ಜೆಟ್ಟಿನೊಳಗೆ ಆಘಾತ ತರಂಗ ಹಾದು ಹೊಸ ಎಲೆಕ್ಟ್ರಾನುಗಳಿಗೆ ಶಕ್ತಿ ತುಂಬಿದರೆ ನೀಲಿ ಕಡೆ ಹೆಚ್ಚು ಏರುತ್ತದೆ. ನನ್ನ ಮೂರು ವಾರದ ಅಳತೆಯಲ್ಲಿ ಬ್ಲೇಜಾರ್ ಬೆಳಗಿದಾಗಲೆಲ್ಲ ವಿ-ಯ ಏರಿಕೆ ಆರ್-ಗಿಂತ ತುಸು ಜಾಸ್ತಿ ಇತ್ತು. ಆರ್-ಗಿಂತ ವಿ ನೀಲಿಗೆ ಹತ್ತಿರ, ಅಂದರೆ ಬೆಳಗಿದಷ್ಟೂ ನೀಲಿ. ಈ ಜಾತಿಯ ಬ್ಲೇಜಾರುಗಳ ಸ್ವಭಾವವೇ ಅದು. ಆದರೂ ಕುಣಿಯುವ ಮೊದಲು ಒಂದು ಎಚ್ಚರ. ಅದನ್ನು ಹೊತ್ತ ಗ್ಯಾಲಕ್ಸಿಯ ಕೆಂಪು ಬೆಳಕು ಸದಾ ಒಂದೇ ಸಮ ಇರುತ್ತದೆ. ಅದನ್ನು ಕಳೆಯದಿದ್ದರೆ, ಬ್ಲೇಜಾರ್ ಮಂಕಾದಾಗ ಸುಮ್ಮನೆ ಕೆಂಪಾಗಿ ಕಾಣುತ್ತದೆ. ಕಳೆದ ಮೇಲೂ ನೀಲಿ ಉಳಿಯಿತು, ಆದರೆ ಮೊದಲಿನಷ್ಟು ಅಲ್ಲ.

ನೀಲಿ ಯಾಕೆ ಮುಂದೆ? ಈ ಬೆಳಕು ಹುಟ್ಟುವುದು ಕಾಂತಕ್ಷೇತ್ರದಲ್ಲಿ ಸುತ್ತುವ ಎಲೆಕ್ಟ್ರಾನುಗಳಿಂದ. ಸಿಂಕ್ರೋಟ್ರಾನ್ ಬೆಳಕು ಅನ್ನುತ್ತಾರೆ. ಜಾತ್ರೆಗೆ ಹೋದ ಇಬ್ಬರು ಹುಡುಗರನ್ನು ನೆನೆಸಿಕೊಳ್ಳಿ. ಒಬ್ಬನ ಜೇಬಿನಲ್ಲಿ ಹತ್ತು ಪಟ್ಟು ದುಡ್ಡು, ಆದರೆ ಅವನ ಖರ್ಚು ನೂರು ಪಟ್ಟು. ಯಾರ ಜೇಬು ಮೊದಲು ಖಾಲಿ? ದುಡ್ಡಿದ್ದವನದೇ, ಹತ್ತನೇ ಒಂದು ಹೊತ್ತಿನಲ್ಲಿ. ಎಲೆಕ್ಟ್ರಾನಿನ ಲೆಕ್ಕವೂ ಇಷ್ಟೇ ಖಚಿತ. ಜಾಸ್ತಿ ಶಕ್ತಿ ಇದ್ದದ್ದು ನೀಲಿ ಕಡೆ, ಎಕ್ಸ್-ರೇ ಕಡೆ ಬೆಳಗಿ ಬೇಗ ತಣ್ಣಗಾಗುತ್ತದೆ. ಕಡಿಮೆ ಶಕ್ತಿಯದ್ದು ಕೆಂಪಿನಲ್ಲಿ, ಇನ್ನೂ ಕೆಳಗೆ, ನಿಧಾನಕ್ಕೆ ಬಾಳುತ್ತದೆ. 2022ರಲ್ಲಿ ಐಎಕ್ಸ್‌ಪಿಇ ಉಪಗ್ರಹ ಮಾರ್ಕೇರಿಯನ್ 501 ಎಂಬ ಬ್ಲೇಜಾರನ್ನು ನೋಡಿದಾಗ, ಎಕ್ಸ್-ರೇ ಬೆಳಕಿನ ಧ್ರುವೀಕರಣ (ಅಲೆಗಳು ಒಂದೇ ದಿಕ್ಕಿನಲ್ಲಿ ಕಂಪಿಸುವ ಪ್ರಮಾಣ) ಕಣ್ಣಿಗೆ ಕಾಣುವ ಬೆಳಕಿನದಕ್ಕಿಂತ ಹೆಚ್ಚಿತ್ತು. ಎಕ್ಸ್-ರೇ ಹುಟ್ಟುವುದು ಆಘಾತದ ಹತ್ತಿರದ ಚಿಕ್ಕ ಜಾಗದಲ್ಲಿ, ಉಳಿದದ್ದು ಕೆಳಗೆ ಹರಿದು ಹರಡಿದ ಮೇಲೆ ಎಂಬುದಕ್ಕೆ ಇದು ಒಳ್ಳೆಯ ಸಾಕ್ಷಿ.

ಮರುವರ್ಷ ಗದಗ ಜಿಲ್ಲೆಯ ಕಪ್ಪತಗುಡ್ಡದ ಬುಡದಲ್ಲಿ ನಂಟರ ಹೊಲಕ್ಕೆ ಟೆಲಿಸ್ಕೋಪ್ ಒಯ್ದೆ. ಶೇಂಗಾ ಕಿತ್ತ ನೆಲ, ಒಳ್ಳೆ ಕತ್ತಲೆ, ದೂರದ ಗಾಳಿಯಂತ್ರಗಳ ಕೆಂಪು ದೀಪ ಬಿಟ್ಟರೆ ಏನೂ ಇಲ್ಲ. ಗುರಿ 3ಸಿ 454.3 ಎಂಬ ಇನ್ನೊಂದು ಬ್ಲೇಜಾರ್. ಇದು ಬೇರೆ ಜಾತಿ. ಇದರ ಕಪ್ಪು ಕುಳಿಯ ಸುತ್ತಲಿನ ಬಿಸಿ ತಟ್ಟೆಯೇ ನೀಲಿಯಾಗಿ ಬೆಳಗುತ್ತದೆ. ಜೆಟ್ ಮಲಗಿದ್ದಾಗ ತಟ್ಟೆಯ ನೀಲಿ ಕಾಣುತ್ತದೆ, ಜೆಟ್ ಎದ್ದಾಗ ಅದರ ಕೆಂಪು ಮೇಲಾಗುತ್ತದೆ. ಅಂದರೆ ಬೆಳಗಿದಷ್ಟೂ ಕೆಂಪು, ಪೂರಾ ಉಲ್ಟಾ! ಆದರೆ ಅದು ಬಹಳ ಮಂಕು, ನನ್ನ ಅಳತೆಯಲ್ಲಿ ತಪ್ಪಿನ ಪಾಲೇ ದೊಡ್ಡದಾಯಿತು. ಅದನ್ನು ನಾನು ಕಂಡೆ ಅಂತ ಹೇಳಿಕೊಳ್ಳುವುದಿಲ್ಲ. ಹೊಲದ ರೊಟ್ಟಿ, ಕೆಂಪು ಚಟ್ನಿ ಮಾತ್ರ ಚೆನ್ನಾಗಿದ್ದವು.

ಮಾಳಿಗೆಗೆ ಸಿಗದ ಬೆಳಕೂ ಇದೆ. ಗಾಮಾ ಕಿರಣ ನೆಲಕ್ಕೆ ಮುಟ್ಟುವುದಿಲ್ಲ. 2008ರಲ್ಲಿ ಮೇಲೆ ಹೋದ ಫರ್ಮಿ ಉಪಗ್ರಹ ಇಡೀ ಆಕಾಶವನ್ನು ಮತ್ತೆ ಮತ್ತೆ ಗುಡಿಸುತ್ತದೆ, ಅದರ ಅಳತೆ ಯಾರು ಬೇಕಾದರೂ ತೆಗೆದುಕೊಳ್ಳಬಹುದು. ನನ್ನ ಗೆರೆಯ ಮೇಲೆ ಅದರ ಗೆರೆ ಇಟ್ಟು ನೋಡಿದೆ. ದೊಡ್ಡ ಏರಿಕೆಗಳು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬಿದ್ದವು. ಬೆಳಕು ಸೂಸುವ ಅದೇ ಎಲೆಕ್ಟ್ರಾನುಗಳು ಅಕ್ಕಪಕ್ಕದ ಬೆಳಕಿನ ಕಣಗಳಿಗೆ ಗುದ್ದಿ ಗಾಮಾ ಮಟ್ಟಕ್ಕೆ ಏರಿಸುತ್ತವೆ ಅನ್ನುವುದಕ್ಕೆ ಇದು ಹೊಂದುತ್ತದೆ. ಆದರೆ ಎಲ್ಲ ಸಲ ಹೀಗಲ್ಲ. 2002ರಲ್ಲಿ 1ಇಎಸ್ 1959+650 ಎಂಬ ಬ್ಲೇಜಾರ್ ಗಾಮಾದಲ್ಲಿ ಸಿಡಿದಾಗ ಎಕ್ಸ್-ರೇ ಸುಮ್ಮನಿತ್ತು. ಇಂಥದ್ದಕ್ಕೆ 'ಅನಾಥ ಸಿಡಿತ' ಅನ್ನುತ್ತಾರೆ. ರೇಡಿಯೋ ಮಾತ್ರ ಸಾಮಾನ್ಯವಾಗಿ ಕೊನೆಗೆ, ವಾರಗಳೋ ತಿಂಗಳುಗಳೋ ಕಳೆದು ಬರುತ್ತದೆ. ಜೆಟ್ಟಿನ ಬುಡ ರೇಡಿಯೋ ಅಲೆಗೆ ಮಂಜು ಕವಿದಂತೆ. ಸಿಡಿದ ಮುದ್ದೆ ಮುಂದೆ ಸಾಗಿ ತೆಳುವಾದ ಮೇಲೆಯೇ ರೇಡಿಯೋ ಹೊರಗೆ ಬರಬೇಕು.

ಈಗ ಮತ್ತೆ ಜುಲೈ. ಟೆಲಿಸ್ಕೋಪಿಗೆ ಪ್ಲಾಸ್ಟಿಕ್ ಹೊದಿಸಿ ಹಗ್ಗ ಬಿಗಿದಿದ್ದೇನೆ. ಮಾಳಿಗೆ ಬಾಗಿಲ ಸಂದಿಯಿಂದ ನೀರು ಬರುತ್ತಿದೆ. ಮೊಬೈಲಿನಲ್ಲಿ ಫರ್ಮಿಯ ಗೆರೆ ತೆಗೆದೆ, ಬಿಎಲ್ ಲ್ಯಾಸರ್ಟೆಯ ಕೊನೆಯ ಎರಡು ಚುಕ್ಕೆ ಮೇಲಕ್ಕೆ ಹೋಗಿವೆ. ಗೆಳೆಯನಿಗೆ ಕಳಿಸಿದೆ. ಅವನು ಮೋಡದ ಫೋಟೋ ತೆಗೆದು ವಾಪಸ್ ಕಳಿಸಿದ.