ಮಾರ್ಕನ ಸುವಾರ್ತೆ, ಆರು ಕೂಟ, ಪ್ರಸಂಗವಿಲ್ಲ

ಹೊಸಬರ ಕೂಟದಲ್ಲಿ ಪ್ರಸಂಗ ಬೇಡ, ಬೈಬಲಿನ ವಾಕ್ಯವನ್ನೇ ಓದಿ ಕೇಳಿಸೋಣ ಎಂದಾಗ ಜೊತೆಯ ಸಭಾಸೇವಕರಲ್ಲಿ ಹೆಚ್ಚಿನವರು ಒಪ್ಪಲಿಲ್ಲ. ಇಪ್ಪತ್ತು ನಿಮಿಷ ಬರೀ ಓದನ್ನು ಯಾರು ಕೇಳುತ್ತಾರೆ, ವಿವರಿಸದೆ ಏನು ತಿಳಿಯುತ್ತದೆ ಎಂಬುದು ಅವರ ಮಾತು. ಹಳೆಯ ಒಡಂಬಡಿಕೆಯ ನೆಹೆಮೀಯ ಪುಸ್ತಕದ 8ನೆಯ ಅಧ್ಯಾಯವನ್ನೂ ತೆರೆದು ತೋರಿಸಿದರು: ಶಾಸ್ತ್ರಿಯಾದ ಎಜ್ರನು ಜನರಿಗೆ ಧರ್ಮಶಾಸ್ತ್ರವನ್ನು ಓದಿದಾಗ ದೇವಾಲಯದ ಸೇವೆಯ ಲೇವಿಯರು ಅರ್ಥ ಹೇಳಿದರಲ್ಲವೇ? ಹೇಳಿದರು, ನಿಜ. ಆದರೆ ಅದೇ ಅಧ್ಯಾಯದಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ಓದು ನಡೆದಿದೆ. ನಮ್ಮಲ್ಲಿ ಓದು ನಾಲ್ಕು ವಚನ, ಅರ್ಥ ಮುಕ್ಕಾಲು ಗಂಟೆ. ಆ ಲೆಕ್ಕವನ್ನು ತಿರುವಿಹಾಕಿದೆವು, ಅಷ್ಟೇ.

ಈಗ ನಾಲ್ಕನೆಯ ಗುಂಪು ಮುಗಿದಿದೆ. ಗುಂಪಿಗೆ ಹತ್ತು ಹನ್ನೆರಡು ಜನ. ಅವರಲ್ಲಿ ಎಂಟೊಂಬತ್ತು ಮಂದಿ ಕೊನೆಯ ಕೂಟದವರೆಗೂ ಬಂದರು. ಪ್ರಸಂಗದ ಕೂಟಗಳಲ್ಲಿ ಅರ್ಧದಷ್ಟೂ ಉಳಿಯುತ್ತಿರಲಿಲ್ಲ. ದೀಕ್ಷಾಸ್ನಾನ ಬೇಕೆಂದು ತಾವಾಗಿಯೇ ಕೇಳಿದವರಿದ್ದಾರೆ. ಆ ಸಂಖ್ಯೆ ಬರೆಯುವುದಿಲ್ಲ, ಅದು ಕರ್ತನ ಲೆಕ್ಕ.

ಮೊದಲು ಮಾರ್ಕನ ಸುವಾರ್ತೆಯನ್ನು ವಾರಕ್ಕೊಂದು ಅಧ್ಯಾಯದಂತೆ ಹದಿನಾರು ವಾರ ಎಂದು ಹೊರಟು ಕೆಟ್ಟೆವು. ವಾರ ತಪ್ಪಿದವರಿಗೆ ಎಳೆ ಸಿಗಲಿಲ್ಲ. ಅಧ್ಯಾಯದ ಗಡಿಯೂ ಕೇಳುವವರಿಗೆ ಹೊಂದುವುದಿಲ್ಲ: 9:1 (9ನೆಯ ಅಧ್ಯಾಯದ ಮೊದಲ ವಚನ) ಹಿಂದಿನ ಮಾತಿನ ಮುಂದುವರಿಕೆ, ಅಲ್ಲಿ ಕತ್ತರಿಸಿದರೆ ಅದು ಅನಾಥ. ಈಗ ಓದುವುದು 1:1ರಿಂದ 3:6, 3:7ರಿಂದ 6:6, 6:7ರಿಂದ 8:26, 8:27ರಿಂದ 10:52, 11ರಿಂದ 13, ಆಮೇಲೆ 14ರಿಂದ ಕೊನೆಯವರೆಗೆ. ಮೊದಲ ಭಾಗ ಸುಮಾರು 80 ವಚನ, ಕೊನೆಯದು 140ರ ಹತ್ತಿರ, ನಡುವಿನವು 115ರ ಆಸುಪಾಸು. ನಿಮಿಷಕ್ಕೆ ಆರು ವಚನ ಹದವಾದ ವೇಗ. ಎಂಟಕ್ಕೆ ಹೋದರೆ ಕೇಳುವವರು ಹೆಸರುಗಳಲ್ಲೇ ಕಳೆದುಹೋಗುತ್ತಾರೆ, ನಾಲ್ಕಕ್ಕೆ ಇಳಿದರೆ ತೂಕಡಿಸುತ್ತಾರೆ.

ಓದುವವರು ಹಿಂದಿನ ದಿನ ಮೂರು ಸಲ ಗಟ್ಟಿಯಾಗಿ ಓದಿರಬೇಕು. ಮನಸ್ಸಿನಲ್ಲಿ ಓದಿದ್ದು ಲೆಕ್ಕಕ್ಕಿಲ್ಲ. ಉಸಿರು ಎಲ್ಲಿ ಸಾಲುವುದಿಲ್ಲವೆಂದು ಬಾಯಿಗೆ ಮಾತ್ರ ಗೊತ್ತು. ಆ ಜಾಗಗಳಲ್ಲಿ ಪೆನ್ಸಿಲ್ ಗೆರೆ. ವಚನದ ಅಂಕೆ, ನಡುವಿನ ಶೀರ್ಷಿಕೆ ಓದಬೇಡಿ. ಅನುವಾದವನ್ನು ಆರಿಸುವಾಗ ಐದು ವಾಕ್ಯ ಓದಿ, ಒಮ್ಮೆ ಕೇಳಿದವರು ತಿರುಗಿ ಹೇಳಬಲ್ಲರೇ ನೋಡಿ. ಹಳೆಯ ಭಾಷಾಂತರದಲ್ಲಿ ‘ಬಂದು, ನೋಡಿ, ಹಿಡಿದು’ ಎಂದು ಸಾಲು ಉದ್ದವಾಗಿ, ಕ್ರಿಯಾಪದ ಬರುವ ಹೊತ್ತಿಗೆ ಮಾಡಿದವರು ಯಾರೆಂಬುದೇ ಮರೆತಿರುತ್ತದೆ. ಕಣ್ಣು ಹಿಂದಕ್ಕೆ ಹೋಗಬಲ್ಲದು, ಕಿವಿ ಹೋಗಲಾರದು.

ಹಣ ಹಾಳಾದದ್ದು ಸಲಕರಣೆಯಲ್ಲಿ. ಒಟ್ಟು ಖರ್ಚಿನ ಮುಕ್ಕಾಲು ಪಾಲನ್ನು ದೊಡ್ಡ ಸ್ಪೀಕರ್ ಮತ್ತು ಮೈಕ್ ನುಂಗಿದವು. ಹನ್ನೆರಡು ಜನರ ಕೋಣೆಯಲ್ಲಿ ಅವು ದನಿಯನ್ನು ಪ್ರತಿಧ್ವನಿ ಮಾಡಿ ಪದಗಳ ಕೊನೆಯನ್ನು ತಿಂದುಹಾಕಿದವು, ಕನ್ನಡದಲ್ಲಿ ಅರ್ಥವೆಲ್ಲ ಇರುವುದು ಆ ಕೊನೆಯಲ್ಲಿ. ಹಿನ್ನೆಲೆ ಸಂಗೀತವಿದ್ದ ಧ್ವನಿಮುದ್ರಣವನ್ನೂ ಹಾಕಿ ನೋಡಿದೆವು. ‘ಚೆನ್ನಾಗಿತ್ತು’ ಎಂದರು, ಏನು ಕೇಳಿದಿರಿ ಎಂದರೆ ಉತ್ತರವಿಲ್ಲ. ಮುದ್ರಿತ ಪ್ರತಿಯನ್ನು ಮೊದಲೇ ಕೊಟ್ಟದ್ದು ಇನ್ನೊಂದು ತಪ್ಪು. ತಲೆಗಳೆಲ್ಲ ಕೆಳಗೆ, ಓದಲು ಬಾರದವರು ಮೂಲೆಗೆ. ಈಗ ಎದುರಿಗೆ ಕೂತ ಮನುಷ್ಯನ ದನಿ ಮಾತ್ರ. ಮುದ್ರಿತ ಪ್ರತಿ, ಆಡಿಯೋ ಎರಡೂ ಕೂಟ ಮುಗಿದ ನಂತರ.

ನಡುವೆ ನಿಲ್ಲಿಸಿ ವಿವರಿಸಬಾರದು. ಯಾಯೀರನ ಮಗಳ ಭಾಗವನ್ನೇ ತೆಗೆದುಕೊಳ್ಳಿ: ಸಾಯುತ್ತಿರುವ ಮಗಳಿಗಾಗಿ ಅವನು ಯೇಸುವನ್ನು ಮನೆಗೆ ಕರೆದೊಯ್ಯುವಾಗ ದಾರಿಯಲ್ಲಿ ರಕ್ತಸ್ರಾವದ ಹೆಂಗಸೊಬ್ಬಳು ಯೇಸುವನ್ನು ಮುಟ್ಟಿ ಗುಣವಾಗುತ್ತಾಳೆ. ಮೊದಲ ಗುಂಪಿನಲ್ಲಿ ಆ ಹೆಂಗಸಿನ ಮಾತು ಬಂದಲ್ಲಿ ಓದು ನಿಲ್ಲಿಸಿ ಮೋಶೆಯ ನಿಯಮದಲ್ಲಿ ಅಶುದ್ಧಿ ಎಂದರೇನು ಎಂದು ಹತ್ತು ನಿಮಿಷ ಹೇಳಿದೆವು. ಹಿಂತಿರುಗುವಾಗ ಯಾಯೀರನನ್ನು ಎಲ್ಲರೂ ಮರೆತಿದ್ದರು. ನಿಲ್ಲಿಸದೆ ಓದಿದ ಗುಂಪಿನಲ್ಲಿ ಒಬ್ಬರು ತಾವೇ ಹಿಡಿದರು: ಆ ಹೆಂಗಸು ನರಳಿದ್ದು 12 ವರ್ಷ, ಹುಡುಗಿಯ ವಯಸ್ಸೂ 12, ಹುಡುಗಿ ಹುಟ್ಟಿದಾಗ ಹೆಂಗಸಿನ ಕಾಯಿಲೆ ಶುರುವಾಗಿದೆ. ಇನ್ನೊಬ್ಬರು, ಯೇಸು ಆ ಹೆಂಗಸಿಗಾಗಿ ನಿಂತಿದ್ದಾಗಲೇ ಮಗಳು ತೀರಿಕೊಂಡಳು, ಆ ಅಪ್ಪನಿಗೆ ಹೇಗಾಗಿರಬೇಕು ಎಂದರು. ‘ಹೆದರಬೇಡ, ನಂಬು’ ಎಂಬ ಮಾತು ಆಗ ಯಾಯೀರನಿಗೆ ಮಾತ್ರ ಹೇಳಿದ್ದಾಗಿ ಉಳಿಯಲಿಲ್ಲ. ನಂಬಿಕೆ ಕೇಳುವುದರಿಂದ ಬರುತ್ತದೆ ಎಂದು ಅಪೊಸ್ತಲ ಪೌಲನು ರೋಮಾಪುರದವರಿಗೆ ಬರೆದದ್ದು ಕಣ್ಣೆದುರಿಗೇ ನಡೆಯಿತು.

ಓದು ಮುಗಿದ ಮೇಲೆ ಒಂದು ನಿಮಿಷ ಮೌನ. ಆಮೇಲೆ ಒಬ್ಬರು ಕೇಳಿದ್ದನ್ನು ತಿರುಗಿ ಹೇಳುತ್ತಾರೆ, ಉಳಿದವರು ಬಿಟ್ಟದ್ದನ್ನು ಸೇರಿಸುತ್ತಾರೆ. ಮೊದಲು ಯಾರಿಂದ ಹೇಳಿಸುತ್ತೇವೆ ಎಂಬುದರಲ್ಲೊಂದು ಗುಟ್ಟಿದೆ. ಅದನ್ನು ಬರೆಯುವುದಿಲ್ಲ, ಎರಡು ಗುಂಪು ನಡೆಸಿದರೆ ನಿಮಗೇ ಸಿಗುತ್ತದೆ. ನಮ್ಮ ಪ್ರಶ್ನೆ ಎರಡೇ: ಏನು ಕೇಳಿದಿರಿ, ಯಾವ ಮಾತು ಒಳಗೆ ನಾಟಿತು? ‘ಯೇಸು ನಿಮಗೆ ಯಾರು’ ಎಂದು ಮೊದಲ ದಿನವೇ ಕೇಳಿ ಇಬ್ಬರನ್ನು ಕಳೆದುಕೊಂಡಿದ್ದೇವೆ. ನಾಲ್ಕನೆಯ ಕೂಟದ ಓದು ಶುರುವಾಗುತ್ತಲೇ 8:29ರಲ್ಲಿ ಅದನ್ನು ಯೇಸುವೇ ತನ್ನ ಶಿಷ್ಯರನ್ನು ಕೇಳುತ್ತಾನೆ. ಅದುವರೆಗೆ ಬಾಯಿ ಮುಚ್ಚಿಕೊಂಡಿರುವುದು ಈ ವಿಧಾನದಲ್ಲಿ ಸೇವಕರಿಗೆ ಅತಿ ಕಷ್ಟದ ಭಾಗ.

ಬೇರೆ ಪುಸ್ತಕಗಳನ್ನೂ ಪರೀಕ್ಷಿಸಿದೆವು. ಯೋನನ ನಾಲ್ಕು ಅಧ್ಯಾಯ ಒಂದೇ ಕೂಟಕ್ಕೆ ಸೊಗಸಾಗಿ ಕೂರುತ್ತದೆ. ಪೌಲನು ಫಿಲೆಮೋನನಿಗೆ ಬರೆದ ಪತ್ರದ 25 ವಚನ ಐದು ನಿಮಿಷದೊಳಗೆ ಮುಗಿದರೂ ಹಿನ್ನೆಲೆ ಹೇಳದೆ ಹೊಸಬರಿಗೆ ದಕ್ಕಲಿಲ್ಲ. ಕೀರ್ತನೆಗಳನ್ನು ಸಾಲಾಗಿ ಓದಿದ್ದು ಪೂರ್ತಿ ಸೋತಿತು. ಬಾಯಿಪಾಠ ಹೇಳಿಸಿದಾಗ ಕಣ್ಣು ಕಣ್ಣು ಕೂಡಿತು, ಆದರೆ ಹೇಳುವವರು ತಮ್ಮ ಮಾತು ಬೆರೆಸತೊಡಗಿದರು, ಬಿಟ್ಟೆವು. ಗೆದ್ದದ್ದು ಪ್ರವಾದಿ ಯೆಶಾಯನ 53ನೆಯ ಅಧ್ಯಾಯ, ವಧೆಗೆ ಒಯ್ದ ಕುರಿಯಂತೆ ಬಾಯಿ ತೆರೆಯದವನ ಭಾಗ. ಐಥಿಯೋಪ್ಯದ ರಾಣಿಯ ಅಧಿಕಾರಿಯಾದ ಕಂಚುಕಿ ಗಟ್ಟಿಯಾಗಿ ಓದುತ್ತಿದ್ದುದರಿಂದಲೇ ಸುವಾರ್ತಿಕ ಫಿಲಿಪ್ಪನಿಗೆ ಕೇಳಿಸಿದ ಭಾಗ ಅದು. ಐದನೆಯ ಕೂಟದ ಕೊನೆಗೆ ಅದನ್ನು ಓದಿ ಕಳಿಸಿದರೆ, ಮುಂದಿನ ಸಲ ರೋಮನ್ ಅಧಿಪತಿ ಪಿಲಾತನ ಮುಂದೆ ಯೇಸು ಸುಮ್ಮನಿರುವಲ್ಲಿ ಯಾರಾದರೂ ತಲೆಯೆತ್ತುತ್ತಾರೆ.

ಆರನೆಯ ಕೂಟದಲ್ಲಿ 16:8ಕ್ಕೆ ನಿಲ್ಲಿಸಿ. ಅತಿ ಹಳೆಯ ಕೆಲವು ಹಸ್ತಪ್ರತಿಗಳು ಅಲ್ಲಿಗೇ ಮುಗಿಯುತ್ತವೆ: ಯೇಸುವಿನ ಖಾಲಿ ಸಮಾಧಿಯನ್ನು ಕಂಡ ಹೆಂಗಸರು ಹೆದರಿದ್ದರಿಂದ ಯಾರಿಗೂ ಏನೂ ಹೇಳಲಿಲ್ಲ. ‘ಹಾಗಾದರೆ ನಮಗೆ ಹೇಗೆ ಗೊತ್ತಾಯಿತು?’ ಎಂದು ಪ್ರತಿ ಗುಂಪಿನಲ್ಲೂ ಯಾರೋ ಒಬ್ಬರು ಕೇಳಿದ್ದಾರೆ. ಆ ಪ್ರಶ್ನೆ ಬಂದ ಮೇಲೆಯೇ ಉಳಿದ ವಚನಗಳನ್ನು ಓದಿ.